ತಂಡ ಮುಚ್ಚಿದ ಮಹನೀಯರಿಗೊಂದು ಅಭಿನಂದನಾ ಪತ್ರ

ಅಲಬಾಮಾ ವಿಶ್ವವಿದ್ಯಾಲಯ ವ್ಯವಸ್ಥೆಯ ಸನ್ಮಾನ್ಯ ಧರ್ಮದರ್ಶಿಗಳಿಗೆ,

ದೂರದ ಕರ್ನಾಟಕದಿಂದ ಸಾಷ್ಟಾಂಗ ನಮಸ್ಕಾರಗಳು. ಈ ಪತ್ರ ಹತ್ತು ವರ್ಷಕ್ಕೂ ಹೆಚ್ಚು ತಡವಾಗಿದೆ. ಆದರೆ ತಂಡ ಮುಚ್ಚಿದ ವಿಷಯದಲ್ಲಿ ನಿಮ್ಮನ್ನು ಹೊಗಳಿ ಬಂದ ಮೊದಲ ಪತ್ರ ಇದೇ ಆಗಿರುವ ಸಾಧ್ಯತೆ ಇರುವುದರಿಂದ ತಡವನ್ನು ಮನ್ನಿಸುತ್ತೀರೆಂದು ನಂಬಿದ್ದೇನೆ.

2014ರ ಡಿಸೆಂಬರ್ 2ರಂದು ಬರ್ಮಿಂಗ್‌ಹ್ಯಾಮ್‌ನ ನಿಮ್ಮ ಕ್ಯಾಂಪಸ್, ಅಂದರೆ ಯುಎಬಿ, ತನ್ನ ಫುಟ್‌ಬಾಲ್ ತಂಡವನ್ನು ಮುಚ್ಚಿತು. ಇದು ನಮ್ಮ ಕಡೆಯ ಕಾಲ್ಚೆಂಡಲ್ಲ. ಹೆಲ್ಮೆಟ್ ಹಾಕಿಕೊಂಡು, ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ಓಡುವ ಅಮೆರಿಕದ ಆಟ. ನಿಮ್ಮಲ್ಲಿ ಅದು ಆಟವಲ್ಲ, ಶನಿವಾರದ ವ್ರತ ಎಂದು ಕೇಳಿದ್ದೇನೆ. ಅಂಥ ವ್ರತಕ್ಕೇ ಕೈ ಹಾಕಿದಿರಲ್ಲ, ಧೈರ್ಯ ಮೆಚ್ಚಬೇಕು.

ಸೋಲುವ ತಂಡವನ್ನು ಯಾರು ಬೇಕಾದರೂ ಮುಚ್ಚಬಹುದು. 1939ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ರಾಬರ್ಟ್ ಹಚಿನ್ಸ್ ತಮ್ಮ ತಂಡವನ್ನು ಮುಚ್ಚಿದಾಗ ಅದು ಅದೇ ಋತುವಿನಲ್ಲಿ ಮಿಷಿಗನ್ ಕೈಯಲ್ಲಿ 85–0 ಅಂತರದಲ್ಲಿ ಸೋತಿತ್ತು. ಮುಚ್ಚಿದ್ದು ಕರುಣೆ ಅನ್ನಿಸಿಕೊಂಡಿತು. ನಿಮ್ಮದು ಹಾಗಲ್ಲ. ಹತ್ತು ವರ್ಷಗಳಲ್ಲಿ ಮೊದಲ ಬಾರಿಗೆ ನಿಮ್ಮ ಹುಡುಗರು 6 ಪಂದ್ಯ ಗೆದ್ದು ಋತುವಿನ ಕೊನೆಯ ‘ಬೌಲ್’ ಪಂದ್ಯಕ್ಕೆ ಅರ್ಹತೆ ಪಡೆದಿದ್ದರು. ಬಿಲ್ ಕ್ಲಾರ್ಕ್ ಕೋಚ್ ಆಗಿ ಬಂದ ಮೊದಲ ವರ್ಷವದು. ನವೆಂಬರ್ 29ರ ಶನಿವಾರ ಕೊನೆಯ ಪಂದ್ಯ ಗೆದ್ದರು, ಮಂಗಳವಾರ ತಂಡವೇ ಇರಲಿಲ್ಲ. ತಂಡದ ಕ್ರೀಡಾಂಗಣ ಲೀಜನ್ ಫೀಲ್ಡ್‌ಗೆ ಬರುವವರ ಸಂಖ್ಯೆ ಹಿಂದಿನ ವರ್ಷಕ್ಕಿಂತ ಇಮ್ಮಡಿಯಾಗಿತ್ತು. ಬೆಳೆ ತೆನೆಗಟ್ಟಿದ ದಿನವೇ ಹೊಲ ಉಳುವುದಕ್ಕೆ ಸಾಮಾನ್ಯರ ಕೈ ಏಳುವುದಿಲ್ಲ.

ನಿಮ್ಮ ಲೆಕ್ಕದಲ್ಲಿ ತಪ್ಪಿತ್ತೆಂದು ನಾನು ಹೇಳುತ್ತಿಲ್ಲ. ಕ್ರೀಡಾ ವಿಭಾಗದ ವಾರ್ಷಿಕ ಬಜೆಟ್ ಸುಮಾರು 3 ಕೋಟಿ ಡಾಲರ್, ಅದರಲ್ಲಿ 2 ಕೋಟಿ ಬೊಕ್ಕಸದಿಂದಲೂ ವಿದ್ಯಾರ್ಥಿಗಳ ಶುಲ್ಕದಿಂದಲೂ ಬರುತ್ತಿತ್ತು. ತಂಡವನ್ನು ಉಳಿಸಬೇಕಾದರೆ 5 ವರ್ಷಗಳಲ್ಲಿ ಇನ್ನೂ 4 ಕೋಟಿ 90 ಲಕ್ಷ ಬೇಕೆಂದು ಸಲಹೆಗಾರರ ವರದಿ ಹೇಳಿತು. ವೈದ್ಯಕೀಯ ಸಂಶೋಧನೆಗೆ ಹೆಸರಾದ, ರಾಜ್ಯದಲ್ಲೇ ಅತಿ ಹೆಚ್ಚು ಜನರಿಗೆ ಕೆಲಸ ಕೊಟ್ಟ ಸಂಸ್ಥೆ ನಿಮ್ಮದು. ಅಂಥ ಸಂಸ್ಥೆ ಚೆಂಡಿನ ಹಿಂದೆ ಇಷ್ಟು ಹಣ ಸುರಿಯಬೇಕೇ ಎಂಬುದು ನ್ಯಾಯವಾದ ಪ್ರಶ್ನೆಯೇ. ಅದನ್ನು ಮೂರು ದಿನ ಮೊದಲು ಬೆವರು ಸುರಿಸಿ ಗೆದ್ದ ಹುಡುಗರ ಮುಂದೆ ನಿಂತು ಕೇಳಿದಿರಿ, ಅಷ್ಟೇ.

‘ನೀವು’ ಅನ್ನಬಾರದೋ ಏನೋ. ಆ ಹುಡುಗರೆದುರು ನಿಂತವರು ಕ್ಯಾಂಪಸ್ಸಿನ ಅಧ್ಯಕ್ಷ ರೇ ವಾಟ್ಸ್. ನಿರ್ಧಾರ ಅವರದೇ ಎಂದು ಎಲ್ಲ ಕಡೆ ಹೇಳಲಾಯಿತು. ನರರೋಗ ತಜ್ಞರು, ಅದೇ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿ. ಅಂಕಿಸಂಖ್ಯೆ ಹೇಳಹೊರಟ ಅವರನ್ನು ಆಟಗಾರರು ಅಳುತ್ತ, ಕೂಗುತ್ತ ತಡೆದು ನಿಲ್ಲಿಸಿದರು. ಸೇನೆಯಲ್ಲಿ ದುಡಿದು ಬಂದಿದ್ದ ಒಬ್ಬ ಎದ್ದು ನಿಂತು, ಈ ಅಂಕಿಗಳಲ್ಲಿ ನಾವೆಲ್ಲಿದ್ದೇವೆ ಎಂಬರ್ಥದಲ್ಲಿ ಕೇಳಿದ ವಿಡಿಯೊವನ್ನು ದೇಶವೆಲ್ಲ ನೋಡಿತು. ಹೊರಗೆ ಅಭಿಮಾನಿಗಳ ಹಿಂಡು. ಅಧ್ಯಕ್ಷರು ಪೊಲೀಸರ ಕಾವಲಿನಲ್ಲಿ ಕಾರು ಸೇರಬೇಕಾಯಿತು. ಧರ್ಮದರ್ಶಿಗಳಾದ ನೀವು ಅಲ್ಲಿ ಕಾಣಲಿಲ್ಲ. ರಥದ ಚಕ್ರಕ್ಕೆ ಸಿಕ್ಕಿಕೊಂಡವರು ಪೂಜಾರಿಗಳೇ ಆಗಬೇಕೆಂಬುದು ನಿಮ್ಮಲ್ಲೂ ಸಂಪ್ರದಾಯವೇ?

ಇನ್ನು ಅಭಿಮಾನಿಗಳ ವಿಷಯಕ್ಕೆ ಬರೋಣ. ನಿಮ್ಮ ಪರವಾಗಿ ಅವರಿಗೂ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಅಣ್ಣಂದಿರೇ, ಅಕ್ಕಂದಿರೇ, 70 ಸಾವಿರ ಜನ ಹಿಡಿಸುವ ಆ ಹಳೆಯ ಕ್ರೀಡಾಂಗಣದಲ್ಲಿ 2013ರಲ್ಲಿ ಸರಾಸರಿ ಹತ್ತು ಸಾವಿರದ ಆಸುಪಾಸು ಜನ ಕೂರುತ್ತಿದ್ದಾಗ ತಾವೆಲ್ಲ ಎಲ್ಲಿದ್ದಿರಿ? ನಿಮ್ಮಲ್ಲಿ ಅರ್ಧ ಜನ ಗಂಟೆ ದೂರದ ಟಸ್ಕಲೂಸ ಕ್ಯಾಂಪಸ್ಸಿನ ದೊಡ್ಡಣ್ಣನ ತಂಡವನ್ನು ಟಿವಿಯಲ್ಲಿ ನೋಡುತ್ತ ಸೋಫಾದಲ್ಲಿದ್ದಿರಿ, ಅಲ್ಲವೇ? ಸಾವಿನ ಸುದ್ದಿ ಬಂದ ಮೇಲೆ ತಾವು ಬೀದಿಗಿಳಿದ ಪರಿಗೆ ಹೆತ್ತ ತಾಯಿಯೂ ನಾಚಬೇಕು. ಬೋರ್ಡು ಹಿಡಿದಿರಿ, ಟೀಷರ್ಟ್ ಅಚ್ಚು ಹಾಕಿಸಿದಿರಿ, ಮಂಡಳಿ ರಾಜೀನಾಮೆ ಕೊಡಬೇಕೆಂದಿರಿ. ಅದೇ ದಿನ ರೈಫಲ್ ತಂಡವನ್ನೂ ಬೌಲಿಂಗ್ ತಂಡವನ್ನೂ ಮುಚ್ಚಿದ್ದರಲ್ಲ, ಅವರಿಗಾಗಿ ಎಷ್ಟು ಟೀಷರ್ಟ್ ಅಚ್ಚಾದವು? ಕೈಯಲ್ಲಿ ಬಂದೂಕಿದ್ದವರು ಸುಮ್ಮನಿದ್ದರು, ಕೈಯಲ್ಲಿ ಪಾಪ್‌ಕಾರ್ನ್ ಇದ್ದವರು ಯುದ್ಧ ಸಾರಿದರು.

ಧರ್ಮದರ್ಶಿಗಳೇ, ಅವರು ನಿಮ್ಮ ಮೇಲೆ ಹಳೆಯ ಕಡತಗಳನ್ನೆಲ್ಲ ತೆಗೆದರು. 2006ರಲ್ಲಿ ಜಿಂಬೊ ಫಿಷರ್ ಕೋಚ್ ಆಗಿ ಬರುವುದನ್ನು ತಡೆದಿರಿ ಎಂದರು. 2011ರಲ್ಲಿ ಕ್ಯಾಂಪಸ್ಸಿನಲ್ಲೇ ಕ್ರೀಡಾಂಗಣ ಕಟ್ಟುವ ಯೋಜನೆ ನಿಮ್ಮ ಕಾರ್ಯಸೂಚಿಗೂ ಬರಲಿಲ್ಲ ಎಂದರು. ಮೂರು ಕ್ಯಾಂಪಸ್ಸಿಗೆ ಒಂದೇ ಮಂಡಳಿ, ಆ ಮಂಡಳಿಯ ಮನಸ್ಸೆಲ್ಲ ಟಸ್ಕಲೂಸದಲ್ಲಿ ಎಂದರು. ಅಲ್ಲಿನ ಚರಿತ್ರಾರ್ಹ ಕೋಚ್ ‘ಬೇರ್’ ಬ್ರಯಂಟ್ ಅವರ ಮಗನೇ ಮಂಡಳಿಯಲ್ಲಿದ್ದದ್ದು ಅವರಿಗೆ ಇಡೀ ಕಾದಂಬರಿಗೆ ಸಾಕಾದ ಸಾಮಗ್ರಿಯಾಯಿತು. ತಮ್ಮನ ತಟ್ಟೆಗೆ ಅನ್ನ ಬಡಿಸಬಾರದೆಂದು ಅಣ್ಣನೇ ಅಡುಗೆಮನೆಯ ಬೀಗ ಇಟ್ಟುಕೊಂಡ ಎಂಬ ಕತೆ. ನಾನು ಆ ಕತೆಯನ್ನು ನಂಬುವುದಿಲ್ಲ. ಬೀಗ ನಿಮ್ಮ ಬಳಿ ಇತ್ತೆಂಬುದನ್ನಷ್ಟೇ ನಂಬುತ್ತೇನೆ.

ನಿಮ್ಮನ್ನು ಅಭಿನಂದಿಸುವುದಕ್ಕೆ ಕಾರಣ ಇನ್ನೊಂದಿದೆ. 1990ರ ದಶಕದಿಂದ ಯಾವ ಕೋಚ್, ಯಾವ ಜಾಹೀರಾತು, ಯಾವ ರಿಯಾಯಿತಿ ಟಿಕೆಟ್ಟೂ ಮಾಡದ ಕೆಲಸವನ್ನು ನಿಮ್ಮ ಮುಚ್ಚುವ ಆದೇಶ ಆರೇ ತಿಂಗಳಲ್ಲಿ ಮಾಡಿತು. ಜನವರಿಯಲ್ಲಿ ಅಧ್ಯಾಪಕರ ಸೆನೆಟ್ ಅಧ್ಯಕ್ಷರ ಮೇಲೆ ಅವಿಶ್ವಾಸ ಸೂಚಿಸಿತು. ಇನ್ನೊಂದು ಸಂಸ್ಥೆಯಿಂದ ಇನ್ನೊಂದು ವರದಿ ಬಂದು ಮೊದಲ ವರದಿಯ ಲೆಕ್ಕವೇ ಸರಿಯಿಲ್ಲ ಎಂದಿತು. ಊರಿನ ವ್ಯಾಪಾರಿಗಳು ಚೆಕ್‌ಬುಕ್ ತೆಗೆದರು, 1 ಕೋಟಿ 72 ಲಕ್ಷ ಡಾಲರ್ ಕೊಡುವ ವಚನ ಸಿಕ್ಕಿತು. 2015ರ ಜೂನ್ 1ರಂದು ವಾಟ್ಸ್ ಅವರೇ ಮತ್ತೆ ಮೈಕಿನ ಮುಂದೆ ಬಂದು ಫುಟ್‌ಬಾಲ್ ವಾಪಸ್ ಎಂದರು. ರೈಫಲ್, ಬೌಲಿಂಗ್ ತಂಡಗಳೂ ಆ ಮೆರವಣಿಗೆಯ ಬಾಲ ಹಿಡಿದು ಬದುಕಿದವು.

ಮಧ್ಯೆ ಸಣ್ಣದೊಂದು ತೊಂದರೆಯಾಯಿತು. ತಂಡದ ಬಹುಪಾಲು ಹುಡುಗರು ಅಷ್ಟರಲ್ಲಿ ಬೇರೆ ಬೇರೆ ಊರಿನ ಜೆರ್ಸಿ ತೊಟ್ಟಿದ್ದರು. 2015, 2016ರಲ್ಲಿ ಒಂದೂ ಪಂದ್ಯವಿಲ್ಲ. ಕ್ಲಾರ್ಕ್ ಮಾತ್ರ ಕದಲಲಿಲ್ಲ. ಎದುರಾಳಿಯಿಲ್ಲದ ಎರಡು ಋತು ಅವರು ಹೊಸ ಹುಡುಗರನ್ನೂ ಉಳಿದ ಕೆಲವೇ ಹಳಬರನ್ನೂ ಸೇರಿಸಿಕೊಂಡು ಅಭ್ಯಾಸ ಮಾಡಿಸಿದರು. ಇಪ್ಪತ್ತರ ವಯಸ್ಸಿನ ಆಟಗಾರನಿಗೆ ಎರಡು ವರ್ಷವೆಂದರೆ ಅರ್ಧ ಆಯುಷ್ಯ. ಈ ಒಂದು ಖರ್ಚು ನಿಮ್ಮ ವರದಿಯಲ್ಲೂ ಇರಲಿಲ್ಲ, ಅಭಿಮಾನಿಗಳ ವರದಿಯಲ್ಲೂ ಇರಲಿಲ್ಲ. ತಮಾಷೆ ಇಲ್ಲಿಗೆ ಸಾಕು, ಈ ಪ್ಯಾರಾವನ್ನು ಹಾಗೇ ಓದಿಕೊಳ್ಳಿ.

2017ರ ಸೆಪ್ಟೆಂಬರ್ 2ರಂದು ತಂಡ ಮರಳಿ ಮೈದಾನಕ್ಕಿಳಿದಾಗ ನೋಡಲು ಬಂದವರು 45,212 ಜನ. ಯುಎಬಿ ತನ್ನ ಊರಿನಲ್ಲಿ ಅದುವರೆಗೆ ಕಾಣದ ಜನಸಾಗರ. ಮರುವರ್ಷ 11 ಪಂದ್ಯ ಗೆದ್ದು ತಮ್ಮ ಲೀಗ್ ಆಗಿದ್ದ ಕಾನ್ಫರೆನ್ಸ್ ಯುಎಸ್‌ಎ ಪ್ರಶಸ್ತಿ ಎತ್ತಿದರು, 2020ರಲ್ಲಿ ಮತ್ತೊಮ್ಮೆ. 2021ರಲ್ಲಿ ನಗರದಲ್ಲಿ ಹೊಸ ಕ್ರೀಡಾಂಗಣವೇ ಎದ್ದಿತು. ಸ್ವಾಮೀ, ಇಷ್ಟೆಲ್ಲ ಆದದ್ದು ನೀವು ಕೊಂದಿದ್ದರಿಂದ! ಪೋಷಿಸಿದ್ದರೆ ಹತ್ತು ಸಾವಿರ ಜನರ ಸರಾಸರಿಯಲ್ಲೇ ಉಳಿದಿರುತ್ತಿತ್ತು.

ಹಾಗಾಗಿ ಒಂದು ವಿನಂತಿ. ಬಿಲ್ ಕ್ಲಾರ್ಕ್ 2022ರಲ್ಲಿ ಬೆನ್ನುನೋವಿನಿಂದ ನಿವೃತ್ತರಾದರು. ತಂಡ ದೊಡ್ಡ ಕಾನ್ಫರೆನ್ಸಿಗೆ ಹೋಯಿತು. 2023ರಲ್ಲಿ 4 ಗೆಲುವು, 2024ರಲ್ಲಿ 3. ಅಭಿಮಾನಿಗಳು ಮತ್ತೆ ಸೋಫಾದ ಕಡೆ ನೋಡುತ್ತಿರಬಹುದು. ಮತ್ತೊಂದು ಮುಚ್ಚುವ ಆದೇಶಕ್ಕೆ ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗದು. ಡಿಸೆಂಬರ್ ಬರಲಿ, ಒಂದು ಕಾಗದ ಹೊರಡಿಸಿ. ಜನ ಚೆಕ್‌ಬುಕ್ ಸಮೇತ ಓಡಿಬರುತ್ತಾರೆ.

ಆದರೆ ಈ ಮದ್ದನ್ನು ಎಲ್ಲ ರೋಗಕ್ಕೂ ಕೊಡಬೇಡಿ. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದವರು ನಿಮ್ಮಂತೆಯೇ ಕೊರತೆಯ ಲೆಕ್ಕ ಹಿಡಿದು ಹೊರಟರು. ಅವರ ಕತ್ತರಿ ಬಿದ್ದದ್ದು ಪಾಠದ ಮೇಲೆ, ಚೆಂಡಿನ ಮೇಲಲ್ಲ. 28 ಪದವಿ ವಿಷಯಗಳು, 143 ಅಧ್ಯಾಪಕ ಹುದ್ದೆಗಳು. ವಿದೇಶಿ ಭಾಷೆಗಳ ಪದವಿಗಳೂ ಅದರಲ್ಲಿದ್ದವು. ವಿದ್ಯಾರ್ಥಿಗಳು ತರಗತಿ ಬಿಟ್ಟು ಹೊರಬಂದರು, ಅಧ್ಯಾಪಕರು ಅವಿಶ್ವಾಸ ಸೂಚಿಸಿದರು. ಫ್ರೆಂಚ್ ವ್ಯಾಕರಣವನ್ನು ಉಳಿಸಲು ಕೋಟಿಗಟ್ಟಲೆ ಡಾಲರಿನ ಚೆಕ್ ಬರೆದ ವ್ಯಾಪಾರಿ ಮಾತ್ರ ಮುಂದೆ ಬರಲಿಲ್ಲ. 2023ರ ಸೆಪ್ಟೆಂಬರ್ 15ರ ಶುಕ್ರವಾರ ಆಡಳಿತ ಮಂಡಳಿ ಆ ಕಡಿತಕ್ಕೆ ಮತ ಹಾಕಿತು. ಮಾರನೆಯ ದಿನ ಶನಿವಾರ, ಅದೇ ಊರಿನ ಸುಮಾರು 60 ಸಾವಿರ ಆಸನಗಳ ಕ್ರೀಡಾಂಗಣ ಕಿಕ್ಕಿರಿದು ತುಂಬಿತ್ತು. ವೆಸ್ಟ್ ವರ್ಜೀನಿಯಾ ತನ್ನ ಹಳೆಯ ವೈರಿ ಪಿಟ್ಸ್‌ಬರ್ಗ್ ತಂಡವನ್ನು 17–6ರಿಂದ ಸೋಲಿಸಿತು.

ಇಂತಿ ತಮ್ಮ ವಿಶ್ವಾಸಿ,
ಟಿಕೆಟ್ ಕೊಳ್ಳದ ಒಬ್ಬ ಕನ್ನಡಿಗ