ಪ್ರತಿವೇಶಿನಾದಮೀಮಾಂಸೆ

ಗೀತ, ವಾದ್ಯ, ನೃತ್ಯಗಳಿಂದ ಮೊದಲುಗೊಂಡು ಅರುವತ್ತುನಾಲ್ಕು ಕಲೆಗಳನ್ನು ಎಣಿಸಿದ ವಾತ್ಸ್ಯಾಯನ ಮಹರ್ಷಿಯು, ಗಿಳಿಗೆ ಮಾತು ಕಲಿಸುವುದನ್ನೂ ಟಗರು ಕೋಳಿಗಳನ್ನು ಕಾದಾಡಿಸುವುದನ್ನೂ ಮರೆಯದೆ ಸೇರಿಸಿಯೂ, ಪಕ್ಕದ ಮನೆಯವನು ಹಾಕಿದ ಹಾಡನ್ನು ತನ್ನ ಮನೆಯಲ್ಲಿ ಕುಳಿತು ಕೇಳಿಸಿಕೊಳ್ಳುವ ಕಲೆಯೊಂದನ್ನು ಮಾತ್ರ ಏಕೆ ಬಿಟ್ಟನೆಂದು ವಿಚಾರಿಸಿದಲ್ಲಿ, ಆತನು ವರ್ಣಿಸಿದ ನಾಗರಕನ ಮನೆಯು ನೀರಿನ ಸಮೀಪದಲ್ಲಿದ್ದು ವೃಕ್ಷವಾಟಿಕೆಯಿಂದ ಕೂಡಿತ್ತೆಂಬುದೇ ಸಮಾಧಾನವಾಗಿ ದೊರೆಯುತ್ತದೆ. ಬೆಂಗಳೂರಿನ ಇಪ್ಪತ್ತು–ಮೂವತ್ತರ ಸೈಟುಗಳಲ್ಲಿ, ಎರಡು ಮನೆಗಳ ನಡುವೆ ಬೆಕ್ಕು ಸಹ ಓರೆಯಾಗಿಯೇ ನುಸುಳಬೇಕಾದಷ್ಟು ಎಡೆಬಿಟ್ಟು, ಕೆಲವೆಡೆ ಅದನ್ನೂ ಬಿಡದೆ ಕಟ್ಟಿದ ಮನೆಗಳಲ್ಲಿ ವಾಸಿಸತಕ್ಕ ನಮಗೆ ಈ ಸಮಾಧಾನವು ಸಲ್ಲದು. ಆದಕಾರಣ, ಪೂರ್ವಾಚಾರ್ಯರು ಅಲ್ಲಲ್ಲಿ ಚೆಲ್ಲಿ ಹೋಗಿರುವ ತತ್ತ್ವಗಳನ್ನು ಆಯ್ದು ಪ್ರತಿವೇಶಿನಾದಮೀಮಾಂಸೆಯೆಂಬ ಈ ನೂತನ ಶಾಸ್ತ್ರವನ್ನು ಪ್ರವರ್ತಿಸಬೇಕಾಗಿ ಬಂದಿದೆ.

ಶಾಸ್ತ್ರಾರಂಭದಲ್ಲಿ ಅನುಬಂಧಚತುಷ್ಟಯವನ್ನು ಹೇಳತಕ್ಕುದು ಶಿಷ್ಟಾಚಾರ. ಪ್ರಕೃತ ಶಾಸ್ತ್ರಕ್ಕೆ ವಿಷಯವು ನೆರೆಮನೆಯ ನಾದ, ಪ್ರಯೋಜನವು ನಿದ್ರೆ, ಸಂಬಂಧವು ಗೋಡೆ. ಅಧಿಕಾರಿಯು ಯಾರೆಂಬಲ್ಲಿ ತುಸು ವಿಚಾರ ಬೇಕು. ವೇದಾಂತವು ಶಮ, ದಮ, ಉಪರತಿ, ತಿತಿಕ್ಷೆ ಮೊದಲಾದುವನ್ನು ಸಂಪಾದಿಸಿಕೊಂಡು ಬಂದವನಿಗೆ ಮಾತ್ರ ಬಾಗಿಲು ತೆರೆಯುತ್ತದೆ; ಈ ಶಾಸ್ತ್ರವಾದರೋ ಅವೊಂದೂ ಇಲ್ಲದೆ, ಬಾಡಿಗೆಯ ಕರಾರಿಗೆ ರುಜು ಹಾಕಿ ಅಡ್ವಾನ್ಸು ಕೊಟ್ಟು ಬಂದವನಿಗೂ ಮೊದಲ ಶನಿವಾರದ ರಾತ್ರಿಯೇ ತಿತಿಕ್ಷೆಯ ಪಾಠವನ್ನು ಆರಂಭಿಸಿಬಿಡುತ್ತದೆ. ಸ್ವಂತ ಮನೆಯುಳ್ಳವನು ಬಿಟ್ಟುಹೋಗಲಾರನಾದ್ದರಿಂದ ಉತ್ತಮಾಧಿಕಾರಿ, ಬಾಡಿಗೆಯವನು ಮಧ್ಯಮ, ವಯಸ್ಸಿನಿಂದ ಕಿವಿ ಮಂದವಾದ ಭಾಗ್ಯಶಾಲಿಗೆ ಅಧಿಕಾರವೇ ಇಲ್ಲ.

ನಾದವು ಆಹತವೆಂದೂ ಅನಾಹತವೆಂದೂ ಇಬ್ಬಗೆಯೆಂಬುದು ಸಂಗೀತರತ್ನಾಕರದ ಮತ. ಅದನ್ನು ರಚಿಸಿದ ಶಾರ್ಙ್ಗದೇವನು 13ನೆಯ ಶತಮಾನದಲ್ಲಿ ದೇವಗಿರಿಯ ಯಾದವ ಸಿಂಘಣನ ಆಶ್ರಯದಲ್ಲಿದ್ದು, ಅರಮನೆಯ ಕಾಗದಪತ್ರಗಳ ಅಧಿಕಾರವನ್ನೂ ನಿರ್ವಹಿಸುತ್ತಿದ್ದವನಾದುದರಿಂದ ವಿಂಗಡಣೆಯಲ್ಲಿ ಆತನ ಕೈ ಪಳಗಿದ್ದೇ ಸರಿ. ಆದರೂ ಗೋಡೆಗೆ ತಾಕಿ ಬರುವ ಭಿತ್ತ್ಯಾಹತವೆಂಬ ಮೂರನೆಯ ಬಗೆಯು ಆತನ ಲೆಕ್ಕಕ್ಕೆ ಸಿಕ್ಕಲಿಲ್ಲ. ಅನಾಹತವು ಯೋಗಿಗಳಿಗೆ ಮುಕ್ತಿಯನ್ನೂ ಆಹತವು ಲೋಕಕ್ಕೆ ರಂಜನೆಯನ್ನೂ ಕೊಡುವುವಾದರೆ, ಈ ಮೂರನೆಯದು ಎರಡನ್ನೂ ಕೊಡದೆ ಎದೆಯ ಗೂಡಿನಲ್ಲಿ ಒಂದು ಬಗೆಯ ಗುದ್ದನ್ನು ಮಾತ್ರ ಕೊಡುತ್ತದೆ. ಇನ್ನು ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನವೆಂದು ನಾಲ್ಕಾಗಿ ವಿಂಗಡಿಸಿದ ಭರತಮುನಿಯ ಮತಾನುಸಾರವಾಗಿ ನೋಡಿದರೆ, ಸಬ್‌ವೂಫರೆಂಬ ಪೆಟ್ಟಿಗೆಯು ಬಿಗಿದ ಪೊರೆಯಿಂದ ನುಡಿಯತಕ್ಕುದಾದ್ದರಿಂದ ಅವನದ್ಧದಲ್ಲಿ ಸೇರುತ್ತದೆ. ಅದು ನುಡಿದಾಗ ನಮ್ಮ ಅಡಿಗೆಮನೆಯ ಸ್ಟ್ಯಾಂಡಿನಲ್ಲಿ ಕವುಚಿಟ್ಟ ಸ್ಟೀಲು ಲೋಟಗಳು ಝಲ್ಲೆಂದು ದನಿಗೂಡಿಸುತ್ತವಷ್ಟೆ, ಅವು ಘನವಾದ್ಯಗಳು. ನೆರೆಯವನ ಕಚೇರಿಗೆ ನಮ್ಮ ಮನೆಯ ಪಾತ್ರೆಗಳು ಸಂಭಾವನೆಯಿಲ್ಲದೆ ಪಕ್ಕವಾದ್ಯ ನುಡಿಸುತ್ತವೆಂದು ತಾತ್ಪರ್ಯ.

ಶಬ್ದವು ಆಕಾಶದ ಗುಣವೆಂದೂ, ನೀರಿನಲ್ಲಿ ತೆರೆಯು ತೆರೆಯನ್ನು ಹುಟ್ಟಿಸುವಂತೆ ಒಂದು ಶಬ್ದವು ಇನ್ನೊಂದನ್ನು ಹುಟ್ಟಿಸುತ್ತ ಕಿವಿಯನ್ನು ಸೇರುವುದೆಂದೂ ನೈಯಾಯಿಕರಲ್ಲಿ ಕೆಲವರು ಹೇಳಿದರೆ, ಕದಂಬದ ಮೊಗ್ಗು ಬಿರಿದಂತೆ ಎಲ್ಲ ದಿಕ್ಕಿಗೂ ಒಮ್ಮೆಗೇ ಹೊಮ್ಮುವುದೆಂದು ಮತ್ತೆ ಕೆಲವರು ವಾದಿಸಿದರು. ಶಬ್ದವು ಉತ್ಪನ್ನವಾದುದರಿಂದ ಅನಿತ್ಯವೆಂಬುದರಲ್ಲಿ ಮಾತ್ರ ಇಬ್ಬರೂ ಒಂದು. ಮೀಮಾಂಸಕರು ಇದನ್ನು ಒಪ್ಪುವುದಿಲ್ಲ. ಶಬ್ದವು ನಿತ್ಯ, ಉಚ್ಚಾರಣೆಯು ಅದನ್ನು ವ್ಯಕ್ತಪಡಿಸುತ್ತದೆಯಷ್ಟೆ ಎಂಬುದು ಅವರ ಪಕ್ಷ. ಕರೆಂಟು ಹೋದೊಡನೆ ನೆರೆಮನೆಯ ಹಾಡು ನಿಲ್ಲುವುದನ್ನು ಕಂಡು ನೈಯಾಯಿಕನು ಜಯಘೋಷ ಮಾಡಬಹುದು. ಆದರೆ ಕರೆಂಟು ಬಂದ ಕ್ಷಣದಲ್ಲಿ ಅದೇ ಹಾಡು, ಅದೇ ಚರಣದಿಂದ, ಏನೂ ಆಗಿಲ್ಲವೆಂಬಂತೆ ಮುಂದುವರಿಯುವುದನ್ನು ಕೇಳಿದ ಯಾರಿಗೆ ತಾನೇ ಮೀಮಾಂಸಕನ ಮತದಲ್ಲಿ ಶ್ರದ್ಧೆ ಹುಟ್ಟದು? ಆ ಮನೆಯಲ್ಲಿ ಯುಪಿಎಸ್ ಇದ್ದರಂತೂ ವಾದಕ್ಕೇ ಎಡೆಯಿಲ್ಲ. ನಮ್ಮ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಜೈನಮತವನ್ನು ಅನುಸರಿಸಿ, ಶಬ್ದವು ನಾಭಿಮೂಲದಲ್ಲಿ ಕಹಳೆಯಂತೆ ಹುಟ್ಟುವ ದ್ರವ್ಯವೆಂದೂ ಅದರ ಬಣ್ಣ ಬಿಳುಪೆಂದೂ ಹೇಳಿದ್ದಾನೆ. ದ್ರವ್ಯವೆಂಬುದು ಪ್ರತ್ಯಕ್ಷಸಿದ್ಧ, ಗುಣವು ಮಂಚವನ್ನು ಅಲುಗಿಸಲಾರದು. ಬಣ್ಣದ ವಿಷಯದಲ್ಲಿ, ರಾತ್ರಿ ಹನ್ನೊಂದರ ಮೇಲೆ ದೀಪವಾರಿಸಿ ಮಲಗಿದವನಾಗಿ, ನಾನು ಸಾಕ್ಷ್ಯ ನುಡಿಯಲು ಅಸಮರ್ಥನು.

ಈಗ ಗೋಡೆಯ ವಿಚಾರ. ಈ ಶಾಸ್ತ್ರದ ಜೀವಾಳವೇ ಇಲ್ಲಿರುವುದರಿಂದ ವಾಚಕ ಮಹಾಶಯರು ಕೊಂಚ ಸಾವಧಾನಚಿತ್ತರಾಗತಕ್ಕದ್ದು. ಗೋಡೆಯು ಶಬ್ದವನ್ನು ತಡೆಯುತ್ತದೆಂಬ ಲೋಕರೂಢಿಯು ಅರ್ಧಸತ್ಯ. ಅದು ಶಬ್ದವನ್ನು ಸೋಸುತ್ತದೆ. ಭೌತಶಾಸ್ತ್ರಜ್ಞರ ಲೆಕ್ಕದಂತೆ, ನಾದವು ಒಂದೊಂದು ಸ್ಥಾಯಿ ಕೆಳಗಿಳಿದಂತೆಲ್ಲ ಗೋಡೆಯ ತಡೆಯುವ ಶಕ್ತಿಯು ಸುಮಾರು 6 ಡೆಸಿಬೆಲಿನಷ್ಟು ಕುಗ್ಗುತ್ತ ಬರುತ್ತದೆ. ನಾಲ್ಕೂವರೆ ಅಂಗುಲದ ಇಟ್ಟಿಗೆ ಗೋಡೆಯನ್ನು ಒಂಬತ್ತು ಅಂಗುಲಕ್ಕೆ ಏರಿಸಿದರೂ ದೊರೆಯುವುದು ಇನ್ನೊಂದು ಆರೇ. ಫಲವೇನೆಂದರೆ, ಗಾಯಕನ ಕಂಠ, ಪಿಟೀಲಿನ ಎಳೆ, ಕೊಳಲಿನ ಗಮಕ, ಕವಿಯು ಕಷ್ಟಪಟ್ಟು ಹೊಂದಿಸಿದ ಪ್ರಾಸ, ಇವೆಲ್ಲವೂ ಗೋಡೆಯ ಆಚೆಯೇ ಉಳಿದು, ಡೋಲಿನ ಧುಂಕಾರವೊಂದೇ ನಿರಾತಂಕವಾಗಿ ಈಚೆ ದಾಟಿ ಬರುತ್ತದೆ. ಶಬ್ದದ ವೇಗವು ಸೆಕೆಂಡಿಗೆ ಸುಮಾರು 343 ಮೀಟರು; ಆದುದರಿಂದ ಸೆಕೆಂಡಿಗೆ 50 ಸಲ ಕಂಪಿಸುವ ಮಂದ್ರಧ್ವನಿಯ ಒಂದು ಅಲೆಯ ಉದ್ದವು ಏಳು ಮೀಟರಿಗೆ ಸಮೀಪ, ಅಂದರೆ ಇಪ್ಪತ್ತೆರಡು ಅಡಿಗೂ ಮಿಕ್ಕಿದ್ದು. ಸೈಟಿನ ಅಗಲವೇ ಇಪ್ಪತ್ತಡಿ. ಸೈಟಿಗಿಂತ ಅಗಲವಾದ ಅಲೆಯನ್ನು ಸೈಟಿನ ಎಲ್ಲೆಯೊಳಗೇ ಇಟ್ಟುಕೊಳ್ಳೆಂದು ಯಾವ ಮುಖದಿಂದ ಕೇಳೋಣ?

ಇದರಿಂದ ಸಿದ್ಧವಾಗುವ ಮಹತ್ತರವಾದ ಪ್ರಮೇಯವೆಂದರೆ, ನೆರೆಯವನು ಕೇಳುವ ಸಂಗೀತ ಬೇರೆ, ನಾವು ಕೇಳುವ ಸಂಗೀತ ಬೇರೆ. ಅವನ ಮನೆಯಲ್ಲಿ ಅದು ಹಾಡು. ನಮ್ಮ ಮನೆಯಲ್ಲಿ ಅದು ಹಾಡಿನಿಂದ ಹಾಡನ್ನೆಲ್ಲ ತೆಗೆದ ಮೇಲೆ ಉಳಿದ ಶೇಷ. ಈ ಭೇದವನ್ನು ಅರಿಯದ ಕಾರಣದಿಂದಲೇ ಲೋಕದಲ್ಲಿ ಪ್ರತಿವೇಶಿಗಳ ಸಂವಾದಗಳು ಕಲಹದಲ್ಲಿ ಪರ್ಯವಸಾನವಾಗುತ್ತವೆ. ನಿದರ್ಶನಕ್ಕಾಗಿ, ನಮ್ಮ ಬೀದಿಗಳಲ್ಲಿ ಸರ್ವತ್ರ ಶ್ರುತವಾದ ಈ ಸಂವಾದವನ್ನು ಪರಾಮರ್ಶಿಸಬಹುದು:

“ಸಾರ್, ಸ್ವಲ್ಪ ಸೌಂಡ್ ಕಮ್ಮಿ ಮಾಡ್ತೀರಾ? ಮಗೂಗೆ ಪರೀಕ್ಷೆ.”

“ಅಯ್ಯೋ, ಜಾಸ್ತಿ ಇಟ್ಟೇ ಇಲ್ವಲ್ಲ ಸಾರ್! ನಮ್ಗೇ ಸರಿಯಾಗಿ ಕೇಳಿಸ್ತಿಲ್ಲ.”

ಈ ಉತ್ತರವನ್ನು ಉದ್ಧಟತನವೆಂದು ಬಗೆಯುವವರು ಶಾಸ್ತ್ರಜ್ಞಾನಶೂನ್ಯರು. ಆತನು ಕೇಳಿಸುತ್ತಿಲ್ಲವೆಂದು ಹೇಳುವುದು ಹಾಡಿನ ಸಾಹಿತ್ಯವನ್ನು ಕುರಿತು; ನಾವು ಕಮ್ಮಿ ಮಾಡೆಂದು ಬೇಡುವುದು ಡೋಲನ್ನು ಕುರಿತು. ಒಬ್ಬನು ಸತ್ಯವನ್ನೇ ನುಡಿಯುತ್ತಿರುವಾಗ ಇನ್ನೊಬ್ಬನೂ ಸತ್ಯವನ್ನೇ ನುಡಿದು, ಇಬ್ಬರೂ ಪರಸ್ಪರರನ್ನು ಸುಳ್ಳುಗಾರರೆಂದು ನಂಬಿ ಬಾಗಿಲು ಹಾಕಿಕೊಳ್ಳುವ ಇಂಥ ಪ್ರಸಂಗವು ತರ್ಕಶಾಸ್ತ್ರದಲ್ಲಿಯೂ ವಿರಳ.

ಇಲ್ಲಿ ಪೂರ್ವಪಕ್ಷವೊಂದು ತಲೆದೋರುತ್ತದೆ. ನೆರೆಯವನು ಹಾಕುವುದು ಕುಣಿತದ ಹಾಡಾದರೆ ಉಪದ್ರವವೆನ್ನೋಣ. ಭೀಮಸೇನ ಜೋಶಿಯವರ ದಾಸವಾಣಿಯಾದರೆ, ಎಂ.ಎಸ್. ಸುಬ್ಬುಲಕ್ಷ್ಮಿಯವರ ಸುಪ್ರಭಾತವಾದರೆ, ನವೆಂಬರಿನ ತಿಂಗಳಿಡೀ ಡಾ. ರಾಜ್‌ಕುಮಾರರ ಕನ್ನಡ ಗೀತೆಗಳಾದರೆ ದೂರುವುದು ಅರಸಿಕತೆಯೂ ದ್ರೋಹವೂ ಆಗದೆ? ಸಿದ್ಧಾಂತಿಯು ಹೇಳುತ್ತಾನೆ: ಆಗದು. ಗೋಡೆಗೆ ರಸಿಕತೆಯಿಲ್ಲ. ಭೀಮಸೇನರ ತಾನವನ್ನು ಅದು ಹಿಡಿದಿಟ್ಟುಕೊಂಡು ತಬಲಾದ ಡಗ್ಗವನ್ನು ಮಾತ್ರ ಈಚೆಗೆ ಬಿಡುತ್ತದೆ. ಕರ್ನಾಟಕ ಸಂಗೀತದ ಕಚೇರಿಯಿಂದ ಮೃದಂಗದ ಎಡದ ತೊಪ್ಪಿಯನ್ನು ಆರಿಸಿಕೊಡುತ್ತದೆ. ಕುಣಿತದ ಹಾಡಿನಿಂದಲೂ ಅಷ್ಟೆ. ದಾಸರ ಪದಕ್ಕೂ ದಾಂಡಿಗರ ಕುಣಿತಕ್ಕೂ ಇಂಥ ಸಮದರ್ಶನವು ಲೋಕದಲ್ಲಿ ಗೋಡೆಗಲ್ಲದೆ ಬೇರಾರಿಗೂ ಸಾಧ್ಯವಾಗಿಲ್ಲ. ಶ್ಲೋಕವೇ ಶ್ರುತವಾಗದ ಸುಪ್ರಭಾತಕ್ಕೆ ಏಳುವವನು ಭಕ್ತಿಯಿಂದ ಏಳುವುದಿಲ್ಲ, ಬೆಚ್ಚಿ ಏಳುತ್ತಾನೆ.

ರಾಜಶಾಸನದ ಆಶ್ರಯವುಂಟಲ್ಲ ಎಂದರೆ, ಉಂಟು. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬೆಲನ್ನೂ, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45ನ್ನೂ ಮೇರೆಯಾಗಿ ವಿಧಿಸಿವೆ. ಸ್ವಂತದ ಧ್ವನಿಯಂತ್ರವು ಮನೆಯ ಎಲ್ಲೆಯಲ್ಲಿ ಈ ಮೇರೆಯನ್ನು ಐದಕ್ಕಿಂತ ಹೆಚ್ಚು ಮೀರಕೂಡದು. ನೆರೆಯವನು ದೂರು ಕೊಡಬೇಕಾದರೆ ಮೇರೆಗಿಂತ ಹತ್ತಾದರೂ ಮಿಕ್ಕಿರಬೇಕು, ಇಲ್ಲವೆ ರಾತ್ರಿಯ ನಿರ್ಬಂಧವು ಮುರಿದಿರಬೇಕು. ಆದುದರಿಂದ ಹಗಲಿನಲ್ಲಿ ಅರುವತ್ತಕ್ಕೂ ಅರುವತ್ತೈದಕ್ಕೂ ನಡುವೆ ಒಂದು ತ್ರಿಶಂಕುಸ್ವರ್ಗವುಂಟು. ಅಲ್ಲಿ ಹಾಡು ಹಾಕಿದವನು ತಪ್ಪಿತಸ್ಥನಹುದು, ದೂರುವವನು ಮಾತ್ರ ಇಲ್ಲ. ವಾಕ್‌ಸ್ವಾತಂತ್ರ್ಯವುಂಟೆಂದು ಧ್ವನಿವರ್ಧಕದಿಂದ ಇನ್ನೊಬ್ಬನ ಕಿವಿಯೊಳಕ್ಕೆ ನುಗ್ಗುವ ಹಕ್ಕು ಯಾರಿಗೂ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ತೀರ್ಮಾನಿಸಿ ಜನಕ್ಕೆ ಉಪಕಾರ ಮಾಡಿದೆ. ಎಲ್ಲವೂ ಸರಿಯೇ; ಆದರೆ ನಿಯಮವು ಅಳೆಯಲು ಗೊತ್ತುಮಾಡಿರುವ ಡೆಸಿಬೆಲ್ ಯಾವುದೆಂದು ನೋಡಬೇಕು. ಅದು ‘ಎ’ ಎಂಬ ತೂಕದ ಡೆಸಿಬೆಲ್; ಮನುಷ್ಯನ ಕಿವಿಯು ಮೆಲುದನಿಯ ಮಂದ್ರವನ್ನು ಅಷ್ಟಾಗಿ ಗ್ರಹಿಸದೆಂಬ ದಾಕ್ಷಿಣ್ಯದಿಂದ, ಸೆಕೆಂಡಿಗೆ 63 ಕಂಪನದ ಧ್ವನಿಗೆ 26 ಡೆಸಿಬೆಲನ್ನೂ 100 ಕಂಪನದ್ದಕ್ಕೆ 19ನ್ನೂ ಅದು ಕಳೆದು ಲೆಕ್ಕ ಹಾಕುತ್ತದೆ. ಗೋಡೆಯು ಯಾವುದನ್ನು ಈಚೆಗೆ ಬಿಡುತ್ತದೋ ಅದಕ್ಕೇ ಮಾಪಕವು ರಿಯಾಯಿತಿಯನ್ನು ಕೊಡುತ್ತದೆಂದಾಯಿತು. ಲೋಟಗಳು ಕುಣಿಯುತ್ತಿದ್ದರೂ ಮುಳ್ಳು ತೆಪ್ಪಗಿರುತ್ತದೆ. ಇದು ಈ ಪ್ರಬಂಧದಲ್ಲಿ ನಾನು ಪರಿಹಾಸವಿಲ್ಲದೆ ಹೇಳುತ್ತಿರುವ ಕೆಲವೇ ಮಾತುಗಳಲ್ಲೊಂದು.

ಹಾಗಾದರೆ ರಾಜನೀತಿಯನ್ನು ಆಶ್ರಯಿಸೋಣ. ಕೌಟಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ದೊರೆತು 1909ರಲ್ಲಿ ಅಚ್ಚಾದುದು ಪ್ರಾಯಶಃ ನಮ್ಮಂಥವರ ಉಪಯೋಗಕ್ಕಾಗಿಯೇ. ಎಲ್ಲೆ ಹಂಚಿಕೊಂಡವನು ಶತ್ರು, ಅವನಾಚೆಯವನು ಮಿತ್ರನೆಂಬ ಆತನ ಮಂಡಲಸಿದ್ಧಾಂತವು ಸಾಲುಮನೆಗಳಿಗೆ ಅಳತೆ ತೆಗೆದು ಹೊಲಿದಂತಿದೆ. ಏಕೆಂದರೆ ಹಾಡು ಹಾಕುವವನ ಆಚೆಯ ಮನೆಯವನಿಗೂ ನಮ್ಮಷ್ಟೇ ನಿದ್ರಾಭಂಗ. ಆದರೆ ನಮ್ಮ ಇನ್ನೊಂದು ಪಕ್ಕದ ಮನೆಯವನಿಗೆ ಇದೇ ಸೂತ್ರದ ಪ್ರಕಾರ ನಾವೇ ಶತ್ರು, ಹಾಡಿನವನು ಮಿತ್ರನಾಗುತ್ತಾನೆ. ನಮ್ಮ ಮಿಕ್ಸಿಯ ವಿಷಯದಲ್ಲಿ ಆತನಿಗಿರುವ ಅಭಿಪ್ರಾಯವನ್ನು ಬಲ್ಲವನಾಗಿ ಈ ಭಾಗವನ್ನು ನಾನು ವಿಸ್ತರಿಸುವುದಿಲ್ಲ. ಕೌಟಲ್ಯನ ಷಾಡ್ಗುಣ್ಯವೆಂಬ ಆರು ನೀತಿಗಳಲ್ಲಿ ಆಸನವೆಂದರೆ ಸುಮ್ಮನೆ ಕುಳಿತಿರುವುದು. ನಗರವಾಸಿಗಳಲ್ಲಿ ಬಹುಜನರು ಆಚರಿಸುವ ಗುಣವಿದೇ. ಯಾನವೆಂದರೆ ಹೊರಟುಬಿಡುವುದು, ಬಣ್ಣದ ಬಾಬ್ತು ಒಂದು ತಿಂಗಳ ಬಾಡಿಗೆಯನ್ನು ಮುರಿದುಕೊಂಡು ಮಾಲೀಕನು ಅಡ್ವಾನ್ಸನ್ನು ಹಿಂದಿರುಗಿಸುವ ದಿನದವರೆಗೆ ಇದು ಸಾಧ್ಯವಿಲ್ಲ. ಸಂಶ್ರಯವೆಂದರೆ ಬಲಶಾಲಿಯ ಮೊರೆಹೊಗುವುದು. 112ಕ್ಕೆ ಕರೆಮಾಡಿದರೆ ಬೆಂಗಳೂರಿನಲ್ಲಿ, ಪೊಲೀಸರ ಗಸ್ತುವಾಹನಕ್ಕೆ ಆ ಹೆಸರಿರುವುದರಿಂದ, ಹೊಯ್ಸಳರೇ ವಾಹನಾರೂಢರಾಗಿ ಬರುವರು. ಬಂದಾಗ ಹಾಡು ತಗ್ಗುತ್ತದೆ. ಮರುದಿನ ಗೇಟಿನ ಬಳಿ ನೆರೆಯವನ ಮುಖವನ್ನು ನೋಡಬೇಕಾದವರು ನಾವೇ ಹೊರತು ಹೊಯ್ಸಳರಲ್ಲ. ವಿಗ್ರಹವೆಂದರೆ ಪ್ರತಿಯಾಗಿ ನಮ್ಮ ಮನೆಯಲ್ಲೂ ಪೆಟ್ಟಿಗೆಯನ್ನು ತಂದಿಡುವುದು. ಯಂತ್ರದ ಶಕ್ತಿಯನ್ನು ಇಮ್ಮಡಿಗೊಳಿಸಿದರೂ ಹೆಚ್ಚುವುದು 3 ಡೆಸಿಬೆಲ್ ಮಾತ್ರವಾದ್ದರಿಂದ ಈ ಯುದ್ಧದಲ್ಲಿ ಅಂಗಡಿಯವನೊಬ್ಬನೇ ವಿಜಯಿ.

ಉಳಿದವುಗಳಲ್ಲಿ ನಮಗೆ ಒದಗುವುದು ಸಂಧಿ. ಸಂಧಿಯಾಗಬೇಕಾದರೆ ಉಭಯರಿಗೂ ಪ್ರಮಾಣವೊಂದೇ ಆಗಬೇಕು. ಅನುಮಾನವೂ ಶಬ್ದಪ್ರಮಾಣವೂ ಇಲ್ಲಿ ಸೋತಿವೆಯೆಂದು ಮೇಲೆ ತೋರಿಸಿದ್ದಾಯಿತು. ನಾವೆಷ್ಟು ಬಾಯಿಬಿಟ್ಟು ಹೇಳಿದರೂ ಆತನು ಎಂದೂ ಕೇಳದಿದ್ದ ಸಂಗೀತವನ್ನು ಆತನಿಗೆ ಮಾತಿನಿಂದ ತಿಳಿಸಲಾಗದು. ತನ್ನ ಹಾಡು ಈಚೆ ಏನಾಗಿ ಬರುತ್ತದೆಂಬುದನ್ನು ಊರಿನಲ್ಲಿ ಅರಿಯದ ಮನುಷ್ಯನು ಆತನೊಬ್ಬನೇ. ಆದುದರಿಂದ ಪ್ರತ್ಯಕ್ಷವೇ ಗತಿ. ಆತನನ್ನು ಸಕುಟುಂಬನಾಗಿ ನಮ್ಮ ಮನೆಗೆ ಕಾಫಿಗೆ ಕರೆದು, ಗೋಡೆಗೆ ಒತ್ತಿಕೊಂಡಿರುವ ಮಂಚದ ಮೇಲೆಯೇ ಕೂಡಿಸಿ, ಲೋಟವನ್ನು ಕೈಗೆ ಕೊಡದೆ ಮುಂದಿನ ಮೇಜಿನ ಮೇಲಿಟ್ಟು, ಮಾತಿಲ್ಲದೆ ಕೆಲವು ನಿಮಿಷ ಕುಳಿತಿರತಕ್ಕದ್ದು. ಹೀಗೆ ಕೇಳಿದ ಮೇಲೂ ಅಷ್ಟೇನೂ ಇಲ್ಲವೆಂದು ಹೇಳುವವನು ಇದ್ದರೆ ಅವನು ಈ ಶಾಸ್ತ್ರದ ವ್ಯಾಪ್ತಿಗೆ ಹೊರಗಾದವನು, ಅಂಥವನಿಗೆ ಹೊಯ್ಸಳರೇ ಸರಿ. ಉಳಿದವರಲ್ಲಿ ಹೆಚ್ಚಿನವರು ಆ ಪೆಟ್ಟಿಗೆಯನ್ನು ಗೋಡೆಯಿಂದ ಬಿಡಿಸಿ, ಮಂದ್ರದ ಗುಂಡಿಯನ್ನು ಇಳಿಸುವರೆಂದು ನನ್ನ ಮತ. ಅಷ್ಟರಿಂದ ಆತನ ಹಾಡಿಗೆ ನಷ್ಟವಾಗುವುದು ಅತ್ಯಲ್ಪ. ಅಧಿಕಾರಿಗಳಾದ ವಾಚಕರು ಈ ಶನಿವಾರವೇ ಇದನ್ನು ಪ್ರಯೋಗಿಸಿ ನೋಡಬಹುದು. ಕರೆಯಲು ಹೋದಾಗ ಒಂದು ಮಾತನ್ನು ಮಾತ್ರ ಮರೆಯದೆ ಹೇಳಿರಿ: ಹೊರಡುವಾಗ ಹಾಡನ್ನು ನಿಲ್ಲಿಸಬೇಡಿ, ಹಾಗೆಯೇ ಬಿಟ್ಟು ಬನ್ನಿ.