ಗೋರಿ ಓದುವವರಿಗೆ ಬಳಕೆಯ ಸೂಚನೆಗಳು

ಬೇಕಾಗುವ ಸಾಮಾನು: ನೋಟ್‌ಬುಕ್ಕು, ಪೆನ್ಸಿಲ್ಲು, ಮೆತ್ತನೆಯ ಬ್ರಷ್ಷು, ಮುಖ ನೋಡುವ ಕನ್ನಡಿ ಮತ್ತು "ನೀವು ಯಾರ ಪೈಕಿ?" ಎಂಬ ಪ್ರಶ್ನೆಗೆ ನಂಬುವಂಥ ಉತ್ತರ. ಟೇಪು ಮಾತ್ರ ಬೇಡ. ಕಲಬುರಗಿ ಕಡೆಯ ಕಮಲಾಪುರದ ಹೊಲದಲ್ಲಿ ಟೇಪು ಹಿಡಿದವನು ಸರ್ವೆಯವನೇ. ಬದುವಿನ ಎರಡೂ ಬದಿಯವರು ಬಂದು ನಿಂತಾರು.

ಅಭ್ಯಾಸ ಕಲಬುರಗಿ ಶಹರದಿಂದ ಶುರುವಾಗಲಿ. ಬಹಮನಿ ಸುಲ್ತಾನರ ಗೋರಿಗಳಿರುವ ಹಫ್ತ್ ಗುಂಬಜ್‌ನಲ್ಲಿ ಎಲ್ಲಕ್ಕಿಂತ ದೊಡ್ಡದು, ಜೋಡಿ ಗುಮ್ಮಟದ್ದು, ಫಿರೋಜ್ ಶಹಾ ಬಹಮನಿಯದು. ಅವನೂ ಸೂಫಿ ಸಂತ ಖ್ವಾಜಾ ಬಂದೇನವಾಜರೂ ತೀರಿಕೊಂಡದ್ದು ಒಂದೇ ವರ್ಷ, ಹಿಜರಿ 825ರಲ್ಲಿ. ಜಾಣನೊಬ್ಬ ಇದಕ್ಕೆ 622 ಕೂಡಿಸಿ 1447 ಎಂದು ಬರೆದು ಮೀಸೆ ತಿರುವುತ್ತಾನೆ. ಚಂದ್ರಮಾನದ ವರ್ಷ ಸುಮಾರು 11 ದಿನ ಗಿಡ್ಡ. ಮೊದಲು 0.97ರಿಂದ ಗುಣಿಸಿ, ಆಮೇಲೆ 622 ಕೂಡಿಸಿ: 1422. ಇಲ್ಲದಿದ್ದರೆ ಸುಲ್ತಾನನಿಗೆ 25 ವರ್ಷ ಪುಕ್ಕಟೆ ಆಯುಷ್ಯ, ಅವನನ್ನು ಇಳಿಸಿ ಗಾದಿ ಏರಿದ ತಮ್ಮ ಅಹಮದ್ ಶಹಾನಿಗೆ ಪೇಚಾಟ.

ಇನ್ನು ಹಳ್ಳಿ. ಅಲ್ಲಿಯ ಗೋರಿಗಳ ಶಹಾಬಾದ ಕಲ್ಲು ಪದರು ಪದರಾಗಿ ಏಳುತ್ತದೆ, ಉಜ್ಜಿದರೆ ಅಕ್ಷರವೂ ಅದರ ಜೊತೆಗೇ ಹೋಗುತ್ತದೆ. ಸುಣ್ಣ, ಸೀಮೆಸುಣ್ಣ, ಆ್ಯಸಿಡ್ ಯಾವುದೂ ಬೇಡ. ಕನ್ನಡಿಯಿಂದ ಬಿಸಿಲನ್ನು ಓರೆಯಾಗಿ ಬಿಡಿ. ಸವೆದ ಗೆರೆಗಳಲ್ಲಿ ನೆರಳು ಕೂತು ಹೆಸರು ತಾನೇ ಕಾಣಿಸುತ್ತದೆ.

ಆದರೆ ಬಹಳ ಕಡೆ ಓದಲು ಅಕ್ಷರವೇ ಇರುವುದಿಲ್ಲ. ಲಿಂಗಾಯತರು ಕುಳ್ಳಿರಿಸಿ ಮಣ್ಣು ಕೊಡುತ್ತಾರೆ, ಎಷ್ಟೋ ಮನೆತನಗಳಲ್ಲಿ ಸ್ವಂತ ಹೊಲದಲ್ಲೇ. ಮೇಲೊಂದು ಚೌಕದ ಕಟ್ಟೆ, ಅಷ್ಟೇ. ಬೇವಿನ ನೆರಳಿಗೆ ಕುಂತವರನ್ನು ಕೇಳಿ.

"ಇದು ಯಾರ್ದರಿ ಮುತ್ಯಾ?"

"ನಮ್ಮ ಮುತ್ಯಾಂದು."

"ಹೆಸರೇನ್ರಿ?"

"ನಂದೇ ನೋಡಪ."

ಮೊಮ್ಮಗನಿಗೆ ಅಜ್ಜನ ಹೆಸರಿಡುವ ಸೀಮೆಯಿದು. ಹೆಸರು ಸಿಕ್ಕಿತೆಂದು ಹಿಗ್ಗಬೇಡಿ, ಯಾವ ತಲೆಮಾರಿನದೆಂದು ಕೇಳಿ ಬರೆದುಕೊಳ್ಳಿ.

ಇಲ್ಲಿಯೂ ಗಂಟು ಬಿಡದಿದ್ದರೆ ಹೆಳವರು ಬರುವ ತನಕ ಕಾಯಿರಿ. ಮನೆಮನೆಗೆ ಬಂದು ಹಿರಿಯರ ಹೆಸರನ್ನು ಸಾಲಾಗಿ ಹಾಡಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ಹೊತ್ತಿಗೆಗೆ ಸೇರಿಸಿ, ಕಾಳು, ದನ, ರೊಕ್ಕ ಪಡೆದು ಹೋಗುವವರು ಅವರು. ಕಲ್ಲಿನಂತಲ್ಲ, ತಿರುಗಿ ಪ್ರಶ್ನೆ ಕೇಳುತ್ತಾರೆ. ನನ್ನನ್ನು ಕೇಳಿದರೆ, ಗೋರಿ ಬಿಟ್ಟು ಇವರಿಂದಲೇ ಶುರು ಮಾಡಬೇಕು. ಆದರೆ ಕೈಪಿಡಿ ಗೋರಿಯ ಬಗ್ಗೆ.

ಕೊನೆಯ ಹಂತ, ಅಪಾಯದ್ದು. ಮನೆಯವರು ಹೇಳುವ ವಂಶಾವಳಿಯಲ್ಲಿ ಏಳು ತಲೆಯಿಂದಲೂ ಗಂಡಸರು ಗಂಡಸರನ್ನೇ ಹೆತ್ತಂತಿರುತ್ತದೆ. "ಅಕ್ಕತಂಗೇರ್ರಿ?" ಎಂದರೆ, "ಕೊಟ್ಟ ಹೆಣ್ಣ ಇದ್ರಾಗ ಯಾಕ್ರಿ?" ಎಂಬ ಉತ್ತರ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಬಂದಮೇಲೆ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು. ಸೋದರತ್ತೆಯ ಹೆಸರು ಬರೆದರೆ ಎಕರೆ ಬರೆದಂತೆ. ಕಾರಣ, ಈ ಪ್ರಶ್ನೆಯನ್ನು ಚಹಾ ಕುಡಿದು, ಕಮಲಾಪುರದ ಕೆಂಪು ಬಾಳೆಹಣ್ಣು ತಿಂದು, ಗಾಡಿಯ ಕೀಲಿ ಕೈಯಲ್ಲಿ ಹಿಡಿದುಕೊಂಡೇ ಕೇಳತಕ್ಕದ್ದು.