ಕೋವಿಗೆ ಅಭ್ಯಂಜನ

1959ರ ಶಸ್ತ್ರಾಸ್ತ್ರ ಕಾಯ್ದೆ ತೋಟದವರನ್ನು ಮರೆತಿಲ್ಲ. ಬೆಳೆ ಕಾಯುವುದಕ್ಕೆಂದು ಅದು ಹೆಸರಿಸುವುದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು. ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಅಡಿಕೆ ತೋಟದ ಯಜಮಾನರ ಲೈಸೆನ್ಸಿಗೆ ಸಾಮಾನ್ಯವಾಗಿ ಜೋತುಬಿದ್ದಿರುವುದು ಇಂಥದೇ ಕೇಪಿನ ಕೋವಿ. ಕೋವಿ ಅಜ್ಜನ ಕಾಲದ್ದು. ತೋಟಕ್ಕೆ ನುಗ್ಗುವ ಮಂಗ ಮಾತ್ರ ಈ ಕಾಲದ್ದು.

ಕೋವಿ ತೊಳೆಯುವ ಶಾಸ್ತ್ರ ಎಲ್ಲೆಡೆ ಒಂದೇ ಅಲ್ಲ. ಅಮೆರಿಕದಲ್ಲಿ ವಸಂತ ಬಂತೆಂದರೆ ಟರ್ಕಿ ಕೋಳಿಯ ಬೇಟೆಗಾರರು ಕೋವಿಯ ಮೂತಿ ತಿಕ್ಕಲು ಕೂರುತ್ತಾರೆ. 12 ಬೋರಿನ ನಳಿಗೆಯ ಒಳವ್ಯಾಸ ಸುಮಾರು 18.5 ಮಿ.ಮೀ. ತುದಿಯಲ್ಲಿ ಅದನ್ನು ಹೆಚ್ಚುಕಡಿಮೆ ಒಂದು ಮಿ.ಮೀ. ಕಿರಿದುಗೊಳಿಸಿದರೆ ಅದು ಫುಲ್ ಚೋಕ್. 40 ಗಜ ದೂರದ 30 ಇಂಚಿನ ವೃತ್ತದೊಳಗೆ ನೂರಕ್ಕೆ 70 ಚರೆ ಬೀಳಬೇಕೆಂಬುದು ಅದರ ಹಳೆಯ ಲೆಕ್ಕ. ತೋಟೆಯ ಪ್ಲಾಸ್ಟಿಕ್ ಉಜ್ಜಿ ಕೂತ ಪದರ, ಸೀಸದ ಗೀರು, ಮಸಿ ಎಲ್ಲವೂ ಆ ಇಕ್ಕಟ್ಟಿನಲ್ಲೇ ಠಿಕಾಣಿ ಹೂಡುತ್ತವೆ. ಅದಕ್ಕೇ ಬ್ರಷ್ಷು, ದ್ರಾವಣ, ಚಿಂದಿ ಬಟ್ಟೆ. ಆಮೇಲೆ ಕಾಗದಕ್ಕೆ ಗುಂಡು ಹೊಡೆದು, ಕನ್ನಡಕ ಏರಿಸಿ ತೂತು ಎಣಿಸುವುದು.

ನಮ್ಮ ಕೇಪಿನ ಕೋವಿಗೆ ಚೋಕ್ ಇಲ್ಲ. ಕಾಡಿನಲ್ಲಿ ಟರ್ಕಿಯೂ ಇಲ್ಲ. ಅದೇ ಕುಟುಂಬದ ನೆಂಟ ನವಿಲೇನೋ ಇದೆ, ಗದ್ದೆಗೂ ಇಳಿಯುತ್ತದೆ. ಆದರೆ ಅದು 1963ರಿಂದ ರಾಷ್ಟ್ರಪಕ್ಷಿ, 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ದೊಡ್ಡ ಮನುಷ್ಯ. ಅದರತ್ತ ನಳಿಗೆ ತಿರುಗಿಸಿದರೆ ತೂತು ಎಣಿಸುವವರು ಬೇರೆಯವರೇ ಆಗುತ್ತಾರೆ. ಹಾಗಾಗಿ ಯಜಮಾನರಿಗೆ ಬೇಕಾದದ್ದು ಚರೆಯಲ್ಲ, 'ಢಂ' ಎಂಬ ಸದ್ದು. ಸದ್ದು ಎಷ್ಟು ಇಂಚಿನ ವೃತ್ತದಲ್ಲಿ ಬಿತ್ತೆಂದು ಯಾವ ಮಂಗವೂ ಅಳೆಯುವುದಿಲ್ಲ.

ಹಾಗೆಂದು ತೊಳೆಯದೆ ಬಿಟ್ಟರೆ ಆಯಿತು! ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ ಕರಿಮದ್ದು ಉರಿದರೆ ಅರ್ಧಕ್ಕಿಂತ ಹೆಚ್ಚು ಪಾಲು ಹೊಗೆಯಲ್ಲಿ ತೇಲುವ, ನಳಿಗೆಗೆ ಮೆತ್ತುವ ಗಟ್ಟಿ ಕಣಗಳಾಗುತ್ತದೆ. ಅದರಲ್ಲಿರುವ ಪೊಟ್ಯಾಸಿಯಂ ಲವಣಗಳಿಗೆ ಗಾಳಿಯ ತೇವ ಹೀರುವ ಚಟ. ಕರಾವಳಿಯಲ್ಲಿ ತೇವಕ್ಕೇನು ಬರ? ಜೂನ್ ಹಿಡಿದರೆ ಗೋಡೆಯೇ ಬೆವರುತ್ತದೆ. ಬೇಸರದ ಯಜಮಾನರು ತೆಂಗಿನೆಣ್ಣೆ ಸುರಿದು ಕೈತೊಳೆದುಕೊಳ್ಳುತ್ತಾರೆ. ಲವಣ ಎಣ್ಣೆಯಲ್ಲಿ ಕರಗದು, ಅಡಿಯಲ್ಲೇ ಕೂತು ಕಬ್ಬಿಣ ಮೇಯುತ್ತದೆ. ಕರಗಿಸುವುದು ನೀರು, ಅದೂ ಬಿಸಿ ನೀರು. ಬಚ್ಚಲ ಹಂಡೆ ಇರುವ ಮನೆಗೆ ಇದು ಕಷ್ಟದ ಮಾತಲ್ಲ. ಮನೆಮಂದಿಯ ಸ್ನಾನ ಮುಗಿದ ಮೇಲೆ ಕೋವಿಯ ಸರದಿ: ನಳಿಗೆಗೆ ಕುದಿನೀರು, ಮದ್ದು ಜಡಿಯುವ ಗಜಕ್ಕೆ ಸುತ್ತಿದ ಹಳೆ ಪಂಚೆಯ ತುಂಡಿನಿಂದ ತಿಕ್ಕಾಟ, ನೀರು ತಿಳಿಯಾಗುವವರೆಗೆ. ಕಾದ ಕಬ್ಬಿಣ ತಾನೇ ಒಣಗುತ್ತದೆ. ಎಣ್ಣೆ ಆಮೇಲೆ. ಮನುಷ್ಯರ ಅಭ್ಯಂಜನಕ್ಕೆ ತಿರುಗುಮುರುಗು ಕ್ರಮ.

ಆಯುಧಪೂಜೆಯಂದು ಮಾತ್ರ ಶಾಸ್ತ್ರ ಸಡಿಲ. ಕೋವಿಯ ಕುದುರೆಗೆ ಕುಂಕುಮ, ಹಿಡಿಗೆ ಗಂಧ, ನಳಿಗೆಯ ಬಾಯಿಗೆ ಒಂದು ದಾಸವಾಳ. ಕೇಪಿನ ಕೋವಿಗೆ ಸಿಗುವ ಏಕೈಕ ಚೋಕ್ ಅದು.

ಇನ್ನೊಂದು ಶುದ್ಧೀಕರಣ ಚುನಾವಣೆಯದು. 2024ರ ಮಾರ್ಚ್ 16ರಂದು ನೀತಿಸಂಹಿತೆ ಬಂತು. ಉತ್ತರ ಕನ್ನಡದಲ್ಲಿ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ಇಂಥ ಹೊತ್ತಿನಲ್ಲಿ ಲೈಸೆನ್ಸಿನ ಕೋವಿಗಳು ಠಾಣೆಗೆ ಹೋಗಿ ಕೂರುವುದು ವಾಡಿಕೆ. ಮದುವೆಗೆ ಹೊರಟ ಮಗಳ ಹಾಗೆ ಅವನ್ನು ಒರೆಸಿ, ತಿಕ್ಕಿ, ಹೊಳಪಿಸಿ ಕಳಿಸುತ್ತಾರೆ; ಊರವರ ಕೋವಿಗಳ ಸಾಲಿನಲ್ಲಿ ನಮ್ಮದು ತುಕ್ಕು ಹಿಡಿದು ನಿಲ್ಲಬಾರದಲ್ಲ. ಮಂಗಗಳಿಗೆ ಆ ಅವಧಿಯಲ್ಲಿ ನೀತಿಸಂಹಿತೆ ಅನ್ವಯಿಸುವುದಿಲ್ಲ.

ಮರಳಿದ ಕೋವಿಗೆ ಮದ್ದು ತುಂಬುವ ಮೊದಲು ಬರೀ ಕೇಪು ಹೊಡೆದು ಕಿಂಡಿಯ ಎಣ್ಣೆ ಹಾರಿಸುವುದು ಪದ್ಧತಿ. ಕೆಲವೊಮ್ಮೆ ಆ 'ಟಪ್' ಸದ್ದಿಗೇ ಮಂಗಗಳು ಪಕ್ಕದ ತೋಟಕ್ಕೆ ದಾಟುತ್ತವೆ. ಮದ್ದು ಉಳಿಯಿತೆಂದು ಯಜಮಾನರು ಹಿಗ್ಗಬಹುದು. ಆದರೆ ಕೇಪಿನೊಳಗೆ ಪೊಟ್ಯಾಸಿಯಂ ಕ್ಲೋರೇಟ್ ಇದ್ದರೆ ಅದೂ ಉಪ್ಪನ್ನೇ ಬಿಟ್ಟುಹೋಗುತ್ತದೆ. ಹಂಡೆಯ ಒಲೆಗೆ ಮತ್ತೆ ಸೋಗೆ ತುರುಕಲೇಬೇಕು.